ಷರತ್ತಿನ ಕಾವಲು ಯಾರದು?



ಬೀದರ್ ಜಿಲ್ಲೆಯ ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರವು ಮಾಣಿಕಪ್ರಭುಗಳ ಸಮಾಧಿಯಿರುವ ಕ್ಷೇತ್ರ. ಅದರ ಆಸುಪಾಸಿನ ಜೋಳ, ತೊಗರಿಯ ಹೊಲಗಳಿಗೂ ಮಲೆನಾಡಿನ ಅಡಕೆ ತೋಟಗಳಿಗೂ ಮಣ್ಣಿನಲ್ಲಿ, ಮಳೆಯಲ್ಲಿ, ಆಡುಮಾತಿನಲ್ಲಿ ಅಂತರವುಂಟು. 1956ರವರೆಗೆ ಆ ಸೀಮೆ ಹೈದರಾಬಾದ್ ರಾಜ್ಯದ ಆಡಳಿತದಲ್ಲಿತ್ತು. ಆದರೆ ಹೊಲವು ನಿವೇಶನವಾಗುವ ಹೊತ್ತಿನಲ್ಲಿ ಈ ಅಂತರಗಳೆಲ್ಲ ಅಳಿಸಿಹೋಗುತ್ತವೆ. ಹುಮನಾಬಾದಿನ ಹೊಲಕ್ಕೂ ಕೊಡಗಿನ ಇಳಿಜಾರಿಗೂ ಅನ್ವಯವಾಗುವುದು 1964ರ ಭೂಕಂದಾಯ ಅಧಿನಿಯಮದ ಅದೇ 95ನೆಯ ಕಲಂ.

ಈ ಕಲಂ ಏನು ಹೇಳುತ್ತದೆ? ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ತಿರುಗಿಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆ ಬದಲಾವಣೆಯಿಂದ ಸಾರ್ವಜನಿಕರಿಗೆ ಉಪದ್ರವವಾಗುವಂತಿದ್ದರೆ, ಅಥವಾ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿದ್ದರೆ ಅನುಮತಿಯನ್ನು ನಿರಾಕರಿಸಬಹುದು. ಅನುಮತಿ ಕೊಟ್ಟರೂ ಆರೋಗ್ಯ, ಸುರಕ್ಷತೆ, ಅನುಕೂಲತೆಗಳ ಸಲುವಾಗಿ ಷರತ್ತುಗಳನ್ನು ವಿಧಿಸಬಹುದು. ಮನೆ ನಿವೇಶನಗಳಾದರೆ ಅವುಗಳ ಅಳತೆ, ಜೋಡಣೆ, ದಾರಿಗಳನ್ನು ಕುರಿತೂ ಷರತ್ತು ಹಾಕಬಹುದು. ಅವನ್ನು ಮೀರಿದವರ ಮೇಲೆ ಕ್ರಮ ಕೈಗೊಳ್ಳಲು 96ನೆಯ ಕಲಂ ಇದೆ.

ಪರಿವರ್ತನೆಯ ಆದೇಶ ಕೈಸೇರಿದೊಡನೆ ಎಲ್ಲವೂ ಮುಗಿಯಿತೆಂದು ಭೂಮಿಯ ಮಾಲೀಕ ಭಾವಿಸುತ್ತಾನೆ. ನೆರೆಯ ರೈತನೂ ಹಾಗೆಯೇ ತಿಳಿದು ಕೈಚೆಲ್ಲುತ್ತಾನೆ. ವಾಸ್ತವದಲ್ಲಿ ವ್ಯಾಜ್ಯ ಹುಟ್ಟುವುದೇ ಅಲ್ಲಿಂದ ಮುಂದೆ. ಹಳ್ಳದ ಅಂಚು, ಬಂಡಿದಾರಿ, ಮಳೆನೀರು ಹರಿಯುವ ಜಾಗ, ಮಕ್ಕಳ ಆಟದ ಬಯಲು, ಇವುಗಳಿಗೆ ರಕ್ಷಣೆಯಿರುವುದು ಆದೇಶದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಷರತ್ತುಗಳಲ್ಲಿ. ಅವುಗಳ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಮೂರು ತೀರ್ಪುಗಳು ಸ್ಪಷ್ಟಪಡಿಸುತ್ತವೆ.

ಮೊದಲನೆಯದು ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯದು. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಬಯಲನ್ನು 1976ರಲ್ಲಿ, ಸರ್ಕಾರದ ಆದೇಶದಂತೆ, ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಜನರಿಗೆ ಉಪಯುಕ್ತವಲ್ಲವೇ, ಇದನ್ನು ಪ್ರಶ್ನಿಸಲು ನಿವಾಸಿಗಳಿಗೆ ಯಾವ ಹಕ್ಕಿದೆ ಎಂಬ ವಾದಗಳು ಎದುರಾದವು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಎರಡು ವಾದಗಳನ್ನೂ ತಳ್ಳಿಹಾಕಿತು. ಉದ್ಯಾನಕ್ಕೆ ಬಿಟ್ಟ ಜಾಗವು ಉದ್ಯಾನವಾಗಿಯೇ ಉಳಿಯಬೇಕು. ಅಲ್ಲಿ ವಾಸಿಸುವವರಿಗೆ ಅದನ್ನು ಕೇಳುವ ಅಧಿಕಾರವಿದೆ. ಷರತ್ತು ಸರ್ಕಾರಕ್ಕೂ ಮಾಲೀಕನಿಗೂ ನಡುವಣ ಖಾಸಗಿ ಒಪ್ಪಂದವಲ್ಲ ಎಂಬುದು ಇದರಿಂದ ದೊರೆಯುವ ಪಾಠ.

ಎರಡನೆಯದು ದೆಹಲಿಯದು. ಬಡಾವಣೆಯ ನಕ್ಷೆಗೆ ಮಂಜೂರಾತಿ ನೀಡುವಾಗ ನಗರಪಾಲಿಕೆಯು, ಉದ್ಯಾನ ಮತ್ತು ಶಾಲೆಗೆ ಬಿಟ್ಟ ಜಾಗದ ಒಡೆತನವನ್ನು ಪುಕ್ಕಟೆಯಾಗಿ ತನಗೆ ವರ್ಗಾಯಿಸಬೇಕೆಂಬ ಷರತ್ತು ಹಾಕಿತ್ತು. ಪಂಡಿತ್ ಚೇತ್ ರಾಮ್ ವಶಿಷ್ಠರ ಹೆಸರಿನ ಈ ಮೊಕದ್ದಮೆಯ ತೀರ್ಪು 1995ರ ಕಾನೂನು ವರದಿಗಳಲ್ಲಿದೆ. ಕಾನೂನಿನಲ್ಲಿಲ್ಲದ ಒಡೆತನವನ್ನು ಷರತ್ತಿನ ಮೂಲಕ ಪಡೆಯಲಾಗದು, ಆದರೆ ಆ ಜಾಗವನ್ನು ಸಾರ್ವಜನಿಕರ ಪರವಾಗಿ ಕಾಯುವ ಪಾತ್ರ ಪಾಲಿಕೆಗುಂಟು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆಂದು ಮಾಲೀಕನು ಅದನ್ನು ಮನಬಂದಂತೆ ಮಾರಿಕೊಳ್ಳುವಂತೆಯೂ ಇಲ್ಲ.

ಮೂರನೆಯದು ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣಗಳನ್ನು ಕುರಿತದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರು ಬಿಡಬೇಕೆಂದು ಆದೇಶಿಸಿತು. ನಗರದ ಪರಿಷ್ಕೃತ ಮಹಾಯೋಜನೆಯಲ್ಲಿದ್ದುದು 30 ಮೀಟರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಈ ಸಾರ್ವತ್ರಿಕ 75 ಮೀಟರಿನ ಷರತ್ತನ್ನು ರದ್ದುಪಡಿಸಿತು. ಶಾಸನದ ಮೇರೆಗೆ ರೂಪುಗೊಂಡ ಮಹಾಯೋಜನೆಯನ್ನು ನ್ಯಾಯಮಂಡಳಿ ತಿದ್ದಲಾಗದು ಎಂಬುದು ಅದಕ್ಕೆ ಕಾರಣ. ಪರಿಸರದ ಪರವಾಗಿರುವವರಿಗೆ ಇದು ಕಹಿ ತೀರ್ಪು. ಆದರೆ ಅದರೊಳಗಿನ ಎಚ್ಚರಿಕೆಯನ್ನು ಮರೆಯಬಾರದು. ಸದುದ್ದೇಶವೊಂದೇ ಷರತ್ತನ್ನು ಉಳಿಸದು. ಅದಕ್ಕೆ ಕಾನೂನಿನ ಬೇರು ಬೇಕು. ಹಳ್ಳಕ್ಕೆ, ಒರತೆಗೆ, ಇಳಿಜಾರಿಗೆ ರಕ್ಷಣೆ ಬೇಕಾದರೆ ಅದು ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆಯುವಾಗಲೇ ನಕ್ಷೆಯೊಳಗೆ ಸೇರಬೇಕು. ಕಟ್ಟಡ ಎದ್ದ ಮೇಲೆ ಕೇಳುವ ಮೀಟರುಗಳು ದುಬಾರಿ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈನಲ್ಲಿ ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳು ಮಣ್ಣುಪಾಲಾದವು. ಒಂದೊಂದು ಕುಸಿತಕ್ಕೂ ಹಲವು ಕಾರಣಗಳಿರುತ್ತವೆ. ಎಲ್ಲವನ್ನೂ ಬಡಾವಣೆಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬಯಲಿನಲ್ಲಿ ಹಳ್ಳ ಮುಚ್ಚಿದರೆ ಬೀದಿಗೆ ನೀರು ನುಗ್ಗುತ್ತದೆ. ಗುಡ್ಡದಲ್ಲಿ ನೀರಿನ ಹಾದಿ ಮುಚ್ಚಿದರೆ ಮಣ್ಣೇ ಸಡಿಲಗೊಳ್ಳುತ್ತದೆ. ಒಂದೇ ಷರತ್ತಿನ ಉಲ್ಲಂಘನೆಗೆ ಎರಡು ಕಡೆ ತೆರುವ ಬೆಲೆ ಬೇರೆ.

ಹಾಗಾದರೆ ಗ್ರಾಮಸ್ಥರ ಕೈಯಲ್ಲಿರುವುದೇನು? ಪರಿವರ್ತನೆಯ ಆದೇಶ ಮತ್ತು ಅನುಮೋದಿತ ನಕ್ಷೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿ ಪಡೆಯಬಹುದು. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರಿಗೆ ಮುಟ್ಟಿದ ಕಟ್ಟಡಗಳಿಗೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಅಂಥ ಅನುಮತಿ ಪಡೆದವರು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು. ಆ ವರದಿ ಸಾರ್ವಜನಿಕ ದಾಖಲೆ. ಅರ್ಜಿ ಹಾಕಿದ ಯಾರಿಗಾದರೂ ಪ್ರತಿ ಕೊಡತಕ್ಕದ್ದು. ಪರಿಸರ ಅನುಮತಿಯನ್ನೇ ಪ್ರಶ್ನಿಸುವವರು ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನಗಳವರೆಗೆ ಅವಕಾಶ ದೊರೆಯಬಹುದು. ಅನಂತರ ಬಾಗಿಲು ಮುಚ್ಚುತ್ತದೆ. ನ್ಯಾಯವಿದ್ದೂ ದಿನ ತಪ್ಪಿದ್ದರಿಂದ ಸೋಲುವುದು ಎಲ್ಲಕ್ಕಿಂತ ದುಃಖದ ಸೋಲು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಊರಿನ ಒಂದು ಸರ್ವೆ ನಂಬರನ್ನು ಆರಿಸಿಕೊಂಡು, ಅದರ ಆದೇಶದಲ್ಲಿರುವ ಷರತ್ತುಗಳನ್ನು ಒಂದೊಂದಾಗಿ ಬರೆದು, ಆ ಪಟ್ಟಿಯನ್ನು ಹಿಡಿದು ಜಾಗವನ್ನು ನಡೆದು ನೋಡಲಿ. ನಕ್ಷೆಯಲ್ಲಿರುವ ಹಳ್ಳ ನೆಲದ ಮೇಲೂ ಇದೆಯೇ? ಉದ್ಯಾನವೆಂದು ಬರೆದಲ್ಲಿ ಏನಿದೆ? ಕಂಡದ್ದನ್ನು ತಾರೀಖು ಹಾಕಿ ಬರೆದು ಗ್ರಾಮಸಭೆಯ ಮುಂದಿಡಲಿ. ಮಾಣಿಕನಗರದ ಹಾದಿಯಲ್ಲಾಗಲಿ, ಮಲೆನಾಡಿನ ತಿರುವಿನಲ್ಲಾಗಲಿ, ಷರತ್ತನ್ನು ಬರೆಯುವವರು ಜಿಲ್ಲಾ ಕಚೇರಿಯಲ್ಲಿರುತ್ತಾರೆ. ಅದು ಮುರಿದಾಗ ಮೊದಲು ಕಾಣುವವರು ಆ ನೆಲದ ಪಕ್ಕದಲ್ಲಿ ಬದುಕುವವರೇ.