ಫ್ಯೂಸ್ ಹೋಯ್ತು ಅಂದರೆ ಏನಾಯ್ತು?

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳಿಗೂ ಊರಿನವರಿಗೂ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕಂಪನಿಯವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಎಣಿಸಿರಬಹುದು. ಸಮಿತಿಯವರು ಫೋನ್ ಮಾಡಿ ‘ಮಕ್ಕಳಿಗೆ ಉಪಯೋಗ ಆಗೋ ಅಂಥದ್ದು ಏನಾದ್ರೂ ಮಾತಾಡಿ’ ಎಂದರು. ಯೋಚಿಸಿ ನೋಡಿದೆ. ಹತ್ತನೇ ತರಗತಿಯಲ್ಲಿ ಓದಿದ್ದು ನನ್ನ ದಿನನಿತ್ಯದ ಬದುಕಿಗೆ ನೇರವಾಗಿ ಒದಗಿದ್ದು ಯಾವುದು ಎಂದರೆ, ಫ್ಯೂಸ್ ಪಾಠ. ಆದ್ದರಿಂದ ಇವತ್ತು ಫ್ಯೂಸ್ ಬಗ್ಗೆಯೇ ಮಾತು. ಉದಾಹರಣೆಗೆ ನಮ್ಮ ವ್ಯಾನನ್ನು ತೆಗೆದುಕೊಳ್ಳುತ್ತೇನೆ. ಮಲಗುವ ಮಂಚ, ಸಣ್ಣ ಅಡುಗೆ ಕಟ್ಟೆ, ಫ್ಯಾನು, ದೀಪ ಎಲ್ಲ ಇರುವ ವ್ಯಾನ್. ಇಂಥದ್ದಕ್ಕೆ ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ಸಿನಿಮಾ ಶೂಟಿಂಗಿನಲ್ಲಿ ನಟರಿಗೆ ಕೊಡುವ ಕ್ಯಾರವಾನ್ ನೀವು ನೋಡಿರುತ್ತೀರಿ, ಅದರ ಬಡ ತಮ್ಮ ಎಂದುಕೊಳ್ಳಿ. ಕೇರಳ ಸರ್ಕಾರ 2021ರಲ್ಲಿ ಇಂಥ ವಾಹನಗಳಿಗಾಗಿಯೇ ಒಂದು ಪ್ರವಾಸೋದ್ಯಮ ಯೋಜನೆ ಮಾಡಿತು. ನಾವು ಮೂವರು ಗೆಳೆಯರು, ಮೂವರೂ ಇದೇ ಶಾಲೆಯವರು, ಸೇರಿ ಹಳೆಯದೊಂದನ್ನು ಕೊಂಡಿದ್ದೇವೆ.

‘ನಮಗ್ಯಾಕಪ್ಪ ಕ್ಯಾಂಪರ್ ವ್ಯಾನ್ ಕಥೆ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳುತ್ತಿರುವಂತಿದೆ. ಸಂಜೆ ಹೊತ್ತು ರಸ್ತೆ ಬದಿಯಲ್ಲಿ ನಿಲ್ಲುವ ಗೋಬಿ, ದೋಸೆ ಗಾಡಿಗಳನ್ನು ನೋಡಿ. ಬ್ಯಾಟರಿ, ಎಲ್‌ಇಡಿ ದೀಪ, ಫ್ಯಾನು, ಒಂದು ಇನ್ವರ್ಟರ್. ಮನೆಯ ಯುಪಿಎಸ್ ಕೂಡ ಅದೇ. ಜಾತ್ರೆಯಲ್ಲಿ ದೀಪಾಲಂಕಾರ ಮಾಡಿ ಮೆರವಣಿಗೆ ಹೊರಡಿಸುವ ಟೆಂಪೋ ಕೂಡ ಅದೇ. ಬ್ಯಾಟರಿ ಇರುವ ಕಡೆಯೆಲ್ಲ ಈ ಮಾತು ಅನ್ವಯಿಸುತ್ತದೆ.

ಮೊದಲು ಮನೆಯಿಂದಲೇ ಶುರು ಮಾಡೋಣ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಅಲ್ಲಿಂದ ಎಷ್ಟೋ ಬದಲಾಗಿದೆ. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು. ನಮ್ಮಮ್ಮ ಮಾತ್ರ ಇವತ್ತಿಗೂ ‘ಕೆಇಬಿಯವರಿಗೆ ಫೋನ್ ಮಾಡು’ ಎಂದೇ ಹೇಳುವುದು. ಹಾಗೆಯೇ ಬದಲಾಗದ ಇನ್ನೊಂದು ಅಭ್ಯಾಸ ಇದೆ. ಮೀಟರ್ ಬೋರ್ಡಿನ ಕಿಟ್‌ಕ್ಯಾಟ್ ಫ್ಯೂಸ್ ಪದೇಪದೇ ಹೋಗುತ್ತಿದ್ದರೆ, ಯಾರೋ ಒಬ್ಬರು ಹಳೇ ವೈರ್ ಸುಲಿದು, ಐದಾರು ತಾಮ್ರದ ಎಳೆ ಹೊಸೆದು, ಅದಕ್ಕೆ ಸುತ್ತಿ, ‘ಇನ್ನು ಹೋಗಲ್ಲ ನೋಡು’ ಎಂದು ಕೈ ಒರೆಸಿಕೊಳ್ಳುತ್ತಾರೆ.

ನಿಜ, ಇನ್ನು ಹೋಗುವುದಿಲ್ಲ. 5 ಆಂಪಿಯರ್ ಫ್ಯೂಸ್ ತಂತಿಯ ದಪ್ಪ ಸುಮಾರು 0.2 ಮಿ.ಮೀ. ಮೆತ್ತನೆಯ ವೈರಿನ ಒಂದೊಂದು ಎಳೆಯೂ ಸಾಮಾನ್ಯವಾಗಿ ಅಷ್ಟೇ ದಪ್ಪ. ಐದಾರು ಎಳೆ ಹಾಕಿದರೆ 25 ಆಂಪಿಯರ್ ಹರಿದರೂ ಅದು ಕರಗುವುದಿಲ್ಲ. ಆಗ ಕರಗುವ ಸರದಿ ಗೋಡೆಯೊಳಗಿನ ವೈರಿನದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಫ್ಯೂಸ್ ಇರುವುದು ಟಿವಿಯನ್ನೋ ಫ್ಯಾನನ್ನೋ ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಪಾಡುವುದು ವೈರನ್ನು. ವೈರಿನಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತವಾಗಿ ಏರುತ್ತದೆ. ಜೌಲ್ ನಿಯಮ, ಹತ್ತನೇ ತರಗತಿಯವರಿಗೆ ಎರಡು ಅಂಕದ ಪ್ರಶ್ನೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ವೈರಿನ ಹೊದಿಕೆ ಮೆದುವಾಗುವ ಮೊದಲೇ ಎಲ್ಲೋ ಒಂದು ಕಡೆ ದಾರಿ ಕಡಿಯಬೇಕು. ಎಲ್ಲಿ ಕಡಿಯಬೇಕೆಂದು ನಾವೇ ಮೊದಲು ಗೊತ್ತು ಮಾಡಿ, ಅಲ್ಲೊಂದು ದುರ್ಬಲ ತಂತಿ ಇಡುತ್ತೇವೆ. ಅದೇ ಫ್ಯೂಸ್. ಆದ್ದರಿಂದ ವೈರಿನ ದಪ್ಪ ನೋಡಿ ಫ್ಯೂಸ್ ಆರಿಸಬೇಕು, ‘ಹೋಗದೇ ಇರಬೇಕು’ ಎಂದು ಆರಿಸಬಾರದು.

ಈಗ ವ್ಯಾನಿಗೆ ಬರೋಣ. ‘12 ವೋಲ್ಟ್ ತಾನೇ, ಶಾಕ್ ಹೊಡೆಯಲ್ಲ, ಭಯ ಏನು’ ಎನ್ನುತ್ತಾರೆ. ಶಾಕ್ ಹೊಡೆಯದು, ಒಪ್ಪಿದೆ. ಆದರೆ ಬೆಂಕಿಗೆ ಬೇಕಾದದ್ದು ಶಾಕ್ ಅಲ್ಲ, ಆಂಪಿಯರ್. ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಜಾಸ್ತಿ ಬೇಕು. 500 ವ್ಯಾಟಿನ ಮಿಕ್ಸಿ ಮನೆಯಲ್ಲಿ 230 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ತೆಗೆದುಕೊಳ್ಳುತ್ತದೆ. ಅದೇ ಮಿಕ್ಸಿಯಲ್ಲಿ ವ್ಯಾನಿನ ಇನ್ವರ್ಟರ್ ಹಾಕಿಕೊಂಡು ಚಟ್ನಿ ರುಬ್ಬಿದರೆ ಬ್ಯಾಟರಿಯಿಂದ 40 ಆಂಪಿಯರಿಗೂ ಮೇಲೆ ಹರಿಯುತ್ತದೆ. ಇನ್ನು ಬ್ಯಾಟರಿ ನೇರವಾಗಿ ಶಾರ್ಟ್ ಆದರೆ ನೂರಾರು ಆಂಪಿಯರ್. ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದ ಸ್ಪ್ಯಾನರ್ ಕೆಂಪಗೆ ಕಾಯುವುದನ್ನು ಇಲ್ಲಿರುವ ಮೆಕ್ಯಾನಿಕ್ ಅಣ್ಣಂದಿರು ಬಲ್ಲರು.

ಹಾಗಾಗಿ ಮುಖ್ಯ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನ ಪಕ್ಕದಲ್ಲೇ, ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ದೂರದಲ್ಲಿದ್ದರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇಲ್ಲ. ಅದಾದ ಮೇಲೆ ಒಂದೊಂದು ಸಾಲಿಗೂ ಬೇರೆ ಬೇರೆ ಸಣ್ಣ ಫ್ಯೂಸ್. ವಾಹನಗಳ ಚಪ್ಪಟೆ ಫ್ಯೂಸ್‌ಗೆ ಬಣ್ಣವೇ ಗುರುತು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನಮ್ಮಲ್ಲಿ ಹಸಿರು ಎಂದರೆ ‘ಹೋಗಬಹುದು’ ಎಂಬ ಸಂಕೇತ. ಫ್ಯೂಸ್ ಡಬ್ಬಿಯಲ್ಲಿ ಕಾರಣವಿಲ್ಲದೆ ಹಸಿರು ಕಂಡರೆ ನನಗೆ ಹೆದರಿಕೆ.

ನಮ್ಮ ವ್ಯಾನಿನಲ್ಲಿ ಆದದ್ದನ್ನೇ ಹೇಳುತ್ತೇನೆ. ವೈರಿಂಗ್ ನಾವು ಕೊಳ್ಳುವ ಮೊದಲೇ ಆಗಿತ್ತು. ಒಂದು ಮಳೆಗಾಲದ ರಾತ್ರಿ ಸಕಲೇಶಪುರ ದಾಟಿದ ಮೇಲೆ, ಗುಂಡಿ ಹಾರಿದಾಗಲೆಲ್ಲ ಹಿಂಭಾಗದ ದೀಪ, ಫ್ಯಾನು ಎಲ್ಲ ಒಟ್ಟಿಗೆ ಆರಿಹೋಗುತ್ತಿತ್ತು. ತೆಗೆದು ನೋಡಿದರೆ ಕೆಂಪು ಫ್ಯೂಸ್ ಸುಟ್ಟಿದೆ. ಹೊಸದು ಹಾಕಿದೆವು, ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಹೋಯಿತು. ಡಬ್ಬಿಯಲ್ಲಿ ಕೆಂಪು ಇನ್ನೊಂದೇ ಉಳಿದಿತ್ತು, ಹಸಿರು ನಾಲ್ಕಿದ್ದವು. ಗೆಳೆಯನೊಬ್ಬ ‘ಲೋ, ಹಸಿರು ಹಾಕಾಣ, ಬೆಳಿಗ್ಗೆ ನೋಡ್ಕೊಂಡ್ರಾಯ್ತು’ ಎಂದ. ಆ ಸಾಲಿನ ವೈರ್ 1 ಚದರ ಮಿ.ಮೀ.ದು. 10ರ ಜಾಗಕ್ಕೆ 30 ಎಂದರೆ ಒಂಬತ್ತು ಪಟ್ಟು ಶಾಖಕ್ಕೆ ಬಾಗಿಲು ತೆಗೆದಂತೆ. ಆ ವೈರ್ ಹೋಗುವುದು ಪ್ಲೈವುಡ್ ಮಂಚದ ಕೆಳಗೆ. ಮೇಲೆ ಫೋಮ್ ಹಾಸಿಗೆ, ಅದರ ಮೇಲೆ ನಾವು. ಹಸಿರು ಬೇಡವೆಂದು ಟಾರ್ಚ್ ಹಚ್ಚಿಕೊಂಡು ಮಲಗಿದೆವು. ಸೊಳ್ಳೆ ಕಡಿದವು, ಅಷ್ಟೇ.

ಬೆಳಿಗ್ಗೆ ನಾನು ಮಾಡಿದ ಕೆಲಸ ನನ್ನ ಬಿಇ ಓದಿನದ್ದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಯಶವಂತಪುರದಲ್ಲಿ ಲಾರಿಗಳಿಗೆ ವೈರಿಂಗ್ ಮಾಡುವ ಹಿರಿಯರೊಬ್ಬರು ಹಿಂದೊಮ್ಮೆ ಹೇಳಿಕೊಟ್ಟಿದ್ದರು. ‘ಸಾರ್, ಒಂದೊಂದೇ ಫ್ಯೂಸ್ ತಂದು ಅದಕ್ಕೆ ತಿನ್ನಿಸ್ತಾ ಕೂತ್ರೆ ಅಂಗಡಿಯೋನು ಉದ್ಧಾರ ಆಗ್ತಾನೆ. ಫ್ಯೂಸ್ ಜಾಗಕ್ಕೆ ಬಲ್ಬ್ ಹಾಕಿ’ ಎಂದಿದ್ದರು. ಇದನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು, ಸುಟ್ಟ ಫ್ಯೂಸ್ ತೆಗೆದ ಜಾಗದಲ್ಲಿ ಸಿಕ್ಕಿಸುವುದು. ಆ ಸಾಲಿನ ಸ್ವಿಚ್ಚುಗಳೆಲ್ಲ ಆಫ್. ಸಾಲು ಸರಿಯಾಗಿದ್ದರೆ ಕರೆಂಟಿಗೆ ದಾರಿಯಿಲ್ಲ, ಬಲ್ಬ್ ಹತ್ತುವುದಿಲ್ಲ. ಎಲ್ಲೋ ಶಾರ್ಟ್ ಇದ್ದರೆ ಅದರ ಮೂಲಕ ದಾರಿ ಪೂರ್ತಿಯಾಗಿ ಬಲ್ಬ್ ಝಗ್ಗನೆ ಹತ್ತುತ್ತದೆ. ಆದರೆ ಬಲ್ಬ್ ತಾನೇ ತಡೆ ಒಡ್ಡುವುದರಿಂದ 1.75 ಆಂಪಿಯರಿಗಿಂತ ಹೆಚ್ಚು ಹರಿಯದು. ಏನೂ ಸುಡುವುದಿಲ್ಲ. ದೋಷ ಇರುವಷ್ಟು ಹೊತ್ತು ದೀಪ ಉರಿಯುತ್ತಾ ಕೂತಿರುತ್ತದೆ, ನಾವು ನಿಧಾನವಾಗಿ ಹುಡುಕಬಹುದು.

ಬಲ್ಬ್ ಹಾಕಿದೆವು, ಹತ್ತಲಿಲ್ಲ. ವ್ಯಾನ್ ನಿಂತಿದೆ, ಗುಂಡಿಯಿಲ್ಲ, ಶಾರ್ಟ್ ಕೂಡ ಇಲ್ಲ. ವೈರುಗಳನ್ನು ಅಲ್ಲಲ್ಲಿ ಹಿಡಿದು ಅಲ್ಲಾಡಿಸಿದೆವು. ಏನೂ ಇಲ್ಲ. ಬೇಸತ್ತು ಒಬ್ಬ ಮಂಚದ ಮೇಲೆ ಕೂತ. ಬಲ್ಬ್ ಹತ್ತಿತು. ಎದ್ದ, ಆರಿತು. ಮತ್ತೆ ಕೂರಿಸಿದೆವು, ಹತ್ತಿತು. ಮಂಚದ ಹಲಗೆ ಎತ್ತಿ ನೋಡಿದರೆ, ತಗಡಿನಲ್ಲಿ ಕೊರೆದ ತೂತಿನೊಳಗಿಂದ ವೈರ್ ದಾಟಿಸಿದ್ದಾರೆ, ತೂತಿನ ಅಂಚಿಗೆ ರಬ್ಬರ್ ಉಂಗುರ ಹಾಕಿಲ್ಲ. ಮೇಲಿನಿಂದ ಒತ್ತಡ ಬಿದ್ದಾಗಲೆಲ್ಲ ತಗಡಿನ ಅಂಚು ಹೊದಿಕೆಯನ್ನು ಸವೆಸಿ ತಾಮ್ರ ಕಾಣುತ್ತಿದೆ. ವಾಹನದ ಬಾಡಿಯೇ ನೆಗೆಟಿವ್. ತಾಮ್ರ ತಗಡಿಗೆ ತಾಗಿದರೆ ಮುಗಿಯಿತು. ಎರಡು ರೂಪಾಯಿ ಬೆಲೆಯ ರಬ್ಬರ್ ತುಂಡಿನ ಕೆಲಸ ಅದು.

ಪತ್ರಿಕೆಗಳಲ್ಲಿ ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಎಂದು ಶಂಕಿಸಲಾಗಿದೆ’ ಎಂದು ಓದುತ್ತೇವೆ. ನನಗೆ ಅದು ಅರ್ಧ ಸುದ್ದಿ ಅನಿಸುತ್ತದೆ. ವೈರ್ ಸವೆಯುವುದು, ಇಲಿ ಕಡಿಯುವುದು, ಮಳೆನೀರು ಇಳಿಯುವುದು ಯಾವಾಗಲೂ ಇದ್ದದ್ದೇ. ಆಗ ಫ್ಯೂಸ್ ಎಲ್ಲಿತ್ತು, ಎಷ್ಟರದ್ದಿತ್ತು ಎಂಬುದು ಉಳಿದರ್ಧ.

ಎಲ್ಲರಿಗೂ ನಮ್ಮಂತೆ ಮಂಚದ ಮೇಲೆ ಕೂತೊಡನೆ ಉತ್ತರ ಸಿಗುವುದಿಲ್ಲ. ಅದಕ್ಕೆ ಎರಡು ದಾರಿ ಹೇಳುತ್ತೇನೆ. ಮೊದಲನೆಯದು, ಡಾಕ್ಟರು ಕೇಳುವ ಪ್ರಶ್ನೆ: ಯಾವಾಗಿನಿಂದ, ಏನು ಮಾಡಿದಾಗ? ಫ್ಯೂಸ್ ತನ್ನ ಅಂಕೆ ದಾಟಿದ ಕ್ಷಣವೇ ಹೋಗುವುದಿಲ್ಲ. 10 ಆಂಪಿಯರ್ ಫ್ಯೂಸಿನಲ್ಲಿ 13 ಹರಿದರೆ ಅದು ನಿಮಿಷಗಟ್ಟಲೆ ತಾಳಬಹುದು, 20 ಹರಿದರೆ ಕೆಲವೇ ಸೆಕೆಂಡು, ನೇರ ಶಾರ್ಟ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ. ಹಾಗಾಗಿ ಹಾಕಿದ ತಕ್ಷಣ ಹೋದರೆ ಶಾರ್ಟ್. ಎಲ್ಲ ಹಾಕಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಹೋದರೆ ಭಾರ ಜಾಸ್ತಿ, ಒಂದೇ ಸಾಲಿಗೆ ಹೆಚ್ಚು ಸಾಮಾನು ಸೇರಿಸಿದ್ದೀರಿ. ಗುಂಡಿಯಲ್ಲಿ ಹೋದರೆ ಎಲ್ಲೋ ಉಜ್ಜುತ್ತಿದೆ. ಗಾಜಿನ ಫ್ಯೂಸ್ ಆದರೆ ಅದರ ಮುಖ ನೋಡಿಯೂ ಹೇಳಬಹುದು: ಒಳಗೆ ಕಪ್ಪು ಮಸಿ ಹಿಡಿದಿದ್ದರೆ ಜೋರಾದ ಶಾರ್ಟ್, ತಂತಿ ಸುಮ್ಮನೆ ನಡುವೆ ಕಡಿದಿದ್ದರೆ ಮೆಲ್ಲಗೆ ಬಂದ ಭಾರ.

ಎರಡನೆಯದು, ಅರ್ಧ ಮಾಡುವುದು. ಇದು ನನ್ನ ಕಸುಬಿನಲ್ಲಿ ದಿನಾ ಮಾಡುವ ಕೆಲಸ. ಒಂದು ಸಾಲಿನಲ್ಲಿ ಎಂಟು ತುಣುಕಿದ್ದರೆ ಒಂದನೆಯದರಿಂದ ಶುರು ಮಾಡಬೇಡಿ. ನಡುವಿನ ಜೋಡಣೆ ಬಿಚ್ಚಿ. ಬಲ್ಬ್ ಆರಿದರೆ ದೋಷ ಆಚೆಯ ಅರ್ಧದಲ್ಲಿ, ಉರಿಯುತ್ತಲೇ ಇದ್ದರೆ ಈಚೆಯ ಅರ್ಧದಲ್ಲಿ. ಉಳಿದ ನಾಲ್ಕನ್ನು ಮತ್ತೆ ಅರ್ಧ ಮಾಡಿ. ಮೂರು ಸಲಕ್ಕೆ ಸಿಕ್ಕಿಬಿಡುತ್ತದೆ. ಪ್ರೋಗ್ರಾಮಿನಲ್ಲಿ ದೋಷ ಬಂದಾಗ ಅದನ್ನು ಹುಡುಕದೆ, ಎಚ್ಚರಿಕೆಯ ಸಂದೇಶವೇ ಬಾರದಂತೆ ಮುಚ್ಚಿಹಾಕುವವರು ನಮ್ಮಲ್ಲೂ ಇದ್ದಾರೆ. ಅವರಿಗೂ ಕಿಟ್‌ಕ್ಯಾಟಿಗೆ ಐದು ಎಳೆ ಸುತ್ತುವವರಿಗೂ ನನಗೇನೂ ವ್ಯತ್ಯಾಸ ಕಂಡಿಲ್ಲ.

ಫ್ಯೂಸ್ ಸರಿಯಾಗಿದ್ದೂ ದೀಪ ಮಂಕು, ಫ್ಯಾನು ನಿಧಾನ ಎನ್ನುವ ದೂರು ಬೇರೆ ಜಾತಿಯದ್ದು. ಅದಕ್ಕೆ ಮೀಟರ್ ಬೇಕು. ಫ್ಯಾನು ಓಡುತ್ತಿರುವಾಗಲೇ ಬ್ಯಾಟರಿಯ ಹತ್ತಿರ ಅಳೆಯಿರಿ, ಫ್ಯಾನಿನ ಹತ್ತಿರ ಅಳೆಯಿರಿ. ಅಲ್ಲಿ 12.6, ಇಲ್ಲಿ 11.2 ಬಂದರೆ 1.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿದೆ. ಬಹುಪಾಲು ಸಲ ಕಳ್ಳ ಸಿಗುವುದು ನೆಗೆಟಿವ್ ಕಡೆ, ಬಾಡಿಗೆ ಬಿಗಿದ ತುಕ್ಕು ಹಿಡಿದ ಬೋಲ್ಟಿನಲ್ಲಿ. ಕೆಲವು ಸಲ ವೈರೇ ಸಣ್ಣದು. 2.5 ಚದರ ಮಿ.ಮೀ. ವೈರ್ ಹೋಗಿ ಬರುವ ದಾರಿ ಸೇರಿ 10 ಮೀಟರ್ ಇದ್ದರೆ, 10 ಆಂಪಿಯರಿಗೆ ಸುಮಾರು 0.7 ವೋಲ್ಟ್ ಅಲ್ಲೇ ಮುಗಿಯುತ್ತದೆ. ಮನೆಯ 230ರಲ್ಲಿ ಇದು ಲೆಕ್ಕಕ್ಕಿಲ್ಲ, 12ರಲ್ಲಿ ಫ್ಯಾನಿಗೆ ಗೊತ್ತಾಗುತ್ತದೆ.

ಮಕ್ಕಳೇ, ನಾನು ಹೇಳಿದ ಬಲ್ಬಿನ ಆಟವೆಲ್ಲ 12 ವೋಲ್ಟಿಗೆ ಮಾತ್ರ. ಮನೆಯ ಮೀಟರ್ ಬೋರ್ಡು, ಯುಪಿಎಸ್‌ನ 230 ವೋಲ್ಟ್ ಕಡೆ, ಕಂಬದ ಹತ್ತಿರ, ಕೈ ಹಾಕುವಂತಿಲ್ಲ. ಅಲ್ಲಿ ಲೈನ್‌ಮನ್ ಅಥವಾ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು. ದೊಡ್ಡವರಿಗೆ ಎರಡು ಮಾತು. ಫ್ಯೂಸ್ ಆಗಲಿ ಎಂಸಿಬಿ ಆಗಲಿ ಮನುಷ್ಯನಿಗೆ ಶಾಕ್ ಹೊಡೆಯುವುದನ್ನು ತಡೆಯುವುದಿಲ್ಲ. ಜೀವಕ್ಕೆ ಅಪಾಯ ಮಾಡುವಷ್ಟು ಕರೆಂಟ್ ಫ್ಯೂಸಿನ ಲೆಕ್ಕದಲ್ಲಿ ಏನೇನೂ ಅಲ್ಲ. ಅದಕ್ಕೆ 30 ಮಿಲಿಆಂಪಿಯರ್‌ಗೆ ಕಡಿಯುವ ಆರ್‌ಸಿಸಿಬಿ ಬೇರೆಯೇ ಬೇಕು, ಜೊತೆಗೆ ಸರಿಯಾದ ಅರ್ಥಿಂಗ್. ಇನ್ನು ವ್ಯಾನನ್ನು ಮನೆ ಮಾಡಿಕೊಳ್ಳುವ ಆಸೆ ಯಾರಿಗಾದರೂ ಬಂದಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮೊದಲು ಓದಿ. ಕಂಪನಿ ಕೊಟ್ಟ ರೂಪವನ್ನು ಹಾಗೆಲ್ಲ ಬದಲಾಯಿಸುವಂತಿಲ್ಲ, ಆರ್‌ಟಿಒ ಒಪ್ಪಿಗೆ ಬೇಕು.

ನಮ್ಮ ವ್ಯಾನ್ ಈಗ ಗೇಟಿನ ಹತ್ತಿರ ನಿಂತಿದೆ. ಇಂಡಿಕೇಟರ್ ಬಲ್ಬು, ಮೀಟರು, ಒಂದು ಡಬ್ಬಿ ಕೆಂಪು ಫ್ಯೂಸು ಮಂಚದ ಮೇಲಿವೆ, ಬಳಸಿದ ಮೇಲೆ ಅವೆಲ್ಲ ಶಾಲೆಯ ಪ್ರಯೋಗಾಲಯಕ್ಕೆ. ಹಿಂಭಾಗದ ದೀಪದ ಸಾಲಿನಲ್ಲಿ ಬೇಕೆಂದೇ ಒಂದು ದೋಷ ಮಾಡಿಟ್ಟಿದ್ದೇವೆ. ಊಟ ಆದ ಮೇಲೆ ಹತ್ತನೇ ತರಗತಿಯವರು ಬನ್ನಿ. ಎಲ್ಲಿದೆ ಎಂದು ನಾನು ಹೇಳುವುದಿಲ್ಲ, ಮಂಚದ ಕೆಳಗಂತೂ ಅಲ್ಲ.