ಹಳೆಯ ಕಾರಿನ ಹಿಂಬದಿಯ ಸದ್ದು



ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಒಂದು ವರ್ಗವುಂಟು. ಕಿವಿ ಕೇಳಿದ ಸದ್ದನ್ನು ಬಾಯಿ ಹಾಗೆಯೇ ಅನುಕರಿಸಿ ನುಡಿಯುವ ಪದಗಳು ಅವು: ದಡದಡ, ಪಟಪಟ, ಗುಳುಗುಳು. ಮಕ್ಕಳಿಗೆ ಕನ್ನಡ ಹೇಳಿಕೊಡುವ ಪಂಡಿತನಿಗೆ ಮೋಟಾರು ಗಾಡಿಯ ಗೊಡವೆ ಏಕೆಂದು ತಾವು ಕೇಳಬಹುದು. ಹಳೆಯ ಕಾರಿನ ರೋಗವನ್ನು ಬಣ್ಣಿಸಲು ಈ ಅವ್ಯಯಗಳಷ್ಟು ಒದಗಿಬರುವ ಮಾತುಗಳು ಬೇರೆ ಇಲ್ಲವೆಂಬುದೇ ನನ್ನ ಉತ್ತರ. "ಹಿಂದುಗಡೆ ಏನೋ ಸದ್ದು" ಎಂದರೆ ಮೆಕ್ಯಾನಿಕನಿಗೆ ಏನೂ ಹೇಳಿದಂತಾಗಲಿಲ್ಲ. "ಆಕ್ಸಿಲರೇಟರು ಒತ್ತಿದಾಗ ಗುಂಯ್ ಎನ್ನುತ್ತದೆ, ಕಾಲು ತೆಗೆದೊಡನೆ ಅಡಗುತ್ತದೆ" ಎಂದರೆ ಅರ್ಧ ಚಿಕಿತ್ಸೆ ಆದಂತೆಯೇ.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತ್ತು. ಆದರೂ ತಂದೆಯ ಕಾಲದ ಗಾಡಿಯೆಂದು ಅಕ್ಕರೆಯಿಂದ ಉಳಿಸಿಕೊಂಡವರು ಉಂಟು. ಅಂಥವರು ಸದ್ದು ಕೇಳಿದೊಡನೆ ಗಾಬರಿಯಿಂದ ಹಿಂದಿನ ಹೌಸಿಂಗನ್ನು ಬಿಚ್ಚಿಸಿದರೆ, ಕೆಡದಿದ್ದುದೂ ಕೆಡುವ ಸಂಭವವಿದೆ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ಎರಡರ ನಡುವಿನ ದಾರಿಯೇ ಪರೀಕ್ಷೆ.

ಈ ಎರಡು ಕಾರುಗಳಲ್ಲಿಯೂ ಎಂಜಿನ್ನು ಮುಂದೆ, ಗಾಡಿಯನ್ನು ನೂಕುವ ಚಕ್ರಗಳು ಹಿಂದೆ. ನಡುವೆ ಪ್ರೊಪೆಲರ್ ಷಾಫ್ಟ್ ಎಂಬ ಉದ್ದನೆಯ ಕೊಳವೆ. ಅದರ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟುಗಳು. ಹಿಂದಿನ ಹೌಸಿಂಗಿನೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ ಕ್ರೌನ್ ವೀಲ್ ಎಂಬ ದೊಡ್ಡದನ್ನು ತಿರುಗಿಸುತ್ತದೆ. ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಪಿನಿಯನ್ ನಾಲ್ಕಕ್ಕೂ ಹೆಚ್ಚು ಸುತ್ತು ಸುತ್ತಿರುತ್ತದೆ. ಆದುದರಿಂದ ಪಿನಿಯನ್ನಿನ ಬೇರಿಂಗು ಸವೆದರೆ ಸ್ವರ ಎತ್ತರ. ಚಕ್ರದ ಬೇರಿಂಗು ಸವೆದರೆ ಸ್ವರ ತಗ್ಗು. ಆದರೆ ಸದ್ದು ಎಲ್ಲಿಂದ ಬಂತೆಂಬುದನ್ನು ಕಿವಿಯೊಂದನ್ನೇ ನಂಬಿ ನಿರ್ಧರಿಸಲಾಗದು. ಕಬ್ಬಿಣದ ಒಡಲು ಒಂದು ಕಡೆಯ ಸದ್ದನ್ನು ಇನ್ನೊಂದು ಕಡೆಗೆ ಹೊತ್ತು ತರುತ್ತದೆ. "ಎಲ್ಲಿ" ಎಂಬ ಪ್ರಶ್ನೆ ಮೋಸಗೊಳಿಸೀತು. "ಯಾವಾಗ" ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ಮೋಸಮಾಡದು.

ನೆಲಮಂಗಲ ತಾಲ್ಲೂಕಿನ ನಮ್ಮ ಸೋಂಪುರ ಹೋಬಳಿಯಲ್ಲಿ ಶಿವಗಂಗೆಯ ಬೆಟ್ಟವಿದೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಸರ್ಪ ಎಂದು ಜನ ಹೇಳುವುದುಂಟು. ಬೆಟ್ಟ ಒಂದೇ, ನಾಲ್ಕು ಕಡೆಯಿಂದ ನೋಡಿದಾಗಲೇ ಅದರ ಪೂರ್ಣ ಪರಿಚಯ. ಹಿಂಬದಿಯ ಸದ್ದನ್ನೂ ಹೀಗೆಯೇ ನಾಲ್ಕು ಕಡೆಯಿಂದ ಕೇಳಬೇಕು.

ಮೊದಲನೆಯದು, ವೇಗ ಏರಿಸುವಾಗ. ಆಗ ಹಲ್ಲುಗಳ ಒಂದು ಮಗ್ಗುಲು ಮಾತ್ರ ಭಾರ ಹೊರುತ್ತದೆ. ಎರಡನೆಯದು, ಗೇರಿನಲ್ಲಿಯೇ ಕಾಲು ತೆಗೆದಾಗ. ಆಗ ಚಕ್ರವೇ ಎಂಜಿನ್ನನ್ನು ಎಳೆಯುವುದರಿಂದ ಭಾರ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಒತ್ತಿದಾಗ ಗುಂಯ್ ಎಂದು, ಬಿಟ್ಟಾಗ ಅಡಗಿದರೆ ಹಲ್ಲುಗಳ ಹೊಂದಿಕೆಯಲ್ಲಿ ದೋಷವಿರುವುದು ಸಂಭವ. ಎರಡು ಸ್ಥಿತಿಯಲ್ಲಿಯೂ ಗರಗರ ಎಂದರೆ ಬೇರಿಂಗಿನ ಮೇಲೆ ಸಂಶಯ ಪಡಬೇಕು. ಮೂರನೆಯದು, ಬಯಲು ನೆಲದ ನಿರ್ಜನ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್ಲಿಗೆ ತಂದು ಉರುಳಿಸಿದಾಗ. ಆಗಲೂ ಬದಲಾಗದೆ ಉಳಿಯುವ ಗುಂಗುರು ಚಕ್ರದ ಬೇರಿಂಗಿನದೋ ಟೈರಿನದೋ ಇರಬೇಕು. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸ್ವರ ಬದಲಾದರೆ ಅದು ಟೈರು. ನಾಲ್ಕನೆಯದು, ತಿರುವಿನಲ್ಲಿ. ನೇರ ದಾರಿಯಲ್ಲಿ ಮೌನವಾಗಿದ್ದು ತಿರುವಿನಲ್ಲಿ ಮಾತ್ರ ಕೂಗಿದರೆ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಗಾಲಿಗಳನ್ನು ನೋಡಬೇಕು. ನೇರ ಓಟದಲ್ಲಿ ಅವು ತಮ್ಮ ಕಡ್ಡಿಯ ಮೇಲೆ ತಿರುಗುವುದೇ ಇಲ್ಲ.

ಇನ್ನು ಕಟ್ ಎಂಬ ಒಂಟಿ ಏಟು. ಹೊರಡುವಾಗ ಒಮ್ಮೆ, ಕಾಲು ತೆಗೆದಾಗ ಒಮ್ಮೆ ಕೇಳಿದರೆ ಸಡಿಲವಾದದ್ದು ಏನೋ ಇದೆ ಎಂದರ್ಥ. ಯೂನಿವರ್ಸಲ್ ಜಾಯಿಂಟಿನ ಕ್ರಾಸು, ಕಮಾನು ಪಟ್ಟಿಯನ್ನು ಬಿಗಿದ ಯೂ ಬೋಲ್ಟು, ಪಟ್ಟಿಯ ತುದಿಯ ಬುಷ್, ಇವನ್ನು ಮೊದಲು ನೋಡಬೇಕು. ವೇಗ ಏರಿಸುವಾಗ ಹೌಸಿಂಗು ತಾನೇ ತಿರುಚಿಕೊಳ್ಳಲು ಹವಣಿಸುತ್ತದೆ. ಅದನ್ನು ತಡೆಯುವುದು ಕಮಾನು ಪಟ್ಟಿಗಳೇ. ಮೆಲ್ಲಗೆ ಹೋಗುವಾಗ ಗುಬ್ಬಿಯಂತೆ ಚಿಂವ್ ಚಿಂವ್ ಎಂದರೆ ಜಾಯಿಂಟಿಗೆ ಗ್ರೀಸು ಆರಿರಬಹುದು. ಎಂಜಿನ್ನು ಓಲಾಡಿದಾಗ ಹೊಗೆಕೊಳವೆ ಅಡಿತಟ್ಟಿಗೆ ತಾಗಿ ದಡದಡ ಎನ್ನುವುದೂ ಉಂಟು. ಇದಕ್ಕೆ ಹೌಸಿಂಗನ್ನು ಬಿಚ್ಚಿಸಿದವರು ಹಣ ಕಳೆದುಕೊಂಡಂತೆಯೇ.

ಬಿಚ್ಚುವ ಮುನ್ನ ಎಣ್ಣೆಯನ್ನು ನೋಡಿ. ಅಂಬಾಸಿಡರಿನ ಹಿಂಬದಿಯದು ಹೈಪಾಯಿಡ್ ಜೋಡಣೆ. ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಅದಕ್ಕೆ ತಕ್ಕ ಗೇರ್ ಎಣ್ಣೆಯನ್ನೇ ಹಾಕಬೇಕು. ಇಳಿಸಿದ ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ಇನ್ನು ಬಿಚ್ಚಲೇಬೇಕು. ಕ್ರೌನ್ ವೀಲನ್ನೂ ಪಿನಿಯನ್ನನ್ನೂ ಜೋಡಿಯಾಗಿಯೇ ಬದಲಾಯಿಸಬೇಕು. ಹಳೆಯದೊಂದಕ್ಕೆ ಹೊಸದೊಂದನ್ನು ಕಟ್ಟಿದರೆ ಸದ್ದು ನಿಲ್ಲುವ ಬದಲು ಹೆಚ್ಚುತ್ತದೆ.

ಕೊನೆಗೆ ಎಚ್ಚರಿಕೆಯ ಎರಡು ಮಾತು. ಈ ಗಾಡಿಗಳ ಕೈಬ್ರೇಕು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂಬದಿಯನ್ನು ಎತ್ತಿದ ಮೇಲೆ ಅದನ್ನು ನಂಬಿ ಪ್ರಯೋಜನವಿಲ್ಲ. ಮುಂದಿನ ಚಕ್ರಗಳಿಗೆ ಎರಡು ಕಡೆಯೂ ಅಡ್ಡ ಕೊಡಿ, ಬರಿಯ ಜಾಕಿನ ಆಸರೆಯಲ್ಲಿ ಗಾಡಿಯ ಕೆಳಗೆ ನುಗ್ಗಬೇಡಿ. ಕಟ್ ಎಂಬ ಏಟು ದಿನದಿನಕ್ಕೆ ಬಲಿಯುತ್ತಿದ್ದರೆ, ಅದರೊಡನೆ ನಡುಕವೂ ಸೇರಿದರೆ, ಆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ. ಪ್ರೊಪೆಲರ್ ಷಾಫ್ಟಿನ ಮುಂತುದಿ ಓಟದಲ್ಲಿ ಕಳಚಿ ನೆಲಕ್ಕೆ ನಾಟಿದರೆ ಆಗುವ ಅನಾಹುತ ಸಣ್ಣದಲ್ಲ.

ಗುಂಗುರು ಸ್ವಲ್ಪ ಕಾಯಬಹುದು, ಏಟು ಕಾಯಲಾರದು. ಒಬ್ಬರು ಓಡಿಸಿ, ಇನ್ನೊಬ್ಬರು ಹಿಂದೆ ಕುಳಿತು ಆಲಿಸಿ, ಕೇಳಿದ್ದನ್ನು ಕೇಳಿದ ಹಾಗೆಯೇ, ಯಾವಾಗ ಕೇಳಿತೆಂಬುದರೊಡನೆ ಕಾಗದದ ಮೇಲೆ ಬರೆದುಕೊಳ್ಳಿ. ಆ ಕಾಗದ ಕೈಯಲ್ಲಿದ್ದರೆ ಒಳ್ಳೆಯ ಮೆಕ್ಯಾನಿಕನಿಗೆ ಸ್ಪ್ಯಾನರನ್ನು ಎಲ್ಲಿಗೆ ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.