ಬಳಗದ ಬೆಂಬಲ ಅಂದ್ರೆ ಯಾರ ಬೆಂಬಲ?



ಚುನಾವಣೆ ಹತ್ತಿರ ಬಂತು ಅಂದ್ರೆ ನಮ್ಮ ಸುದ್ದಿಮನೆಗೆ ಒಂದು ಬಗೆಯ ಪತ್ರಿಕಾ ಹೇಳಿಕೆಗಳು ಬರೋಕೆ ಶುರುವಾಗುತ್ತವೆ. ಒಂದೇ ಹಾಳೆ. ಮೇಲೆ ನಾಯಕರ ಫೋಟೋ, ಅದರ ಪಕ್ಕದಲ್ಲಿ 'ಅಭಿಮಾನಿ ಬಳಗ' ಅಂತ ದಪ್ಪ ಅಕ್ಷರ. ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ನಮ್ಮ ಬಳಗ ಈ ಬಾರಿ ಇಂಥ ಪಕ್ಷದ ಅಭ್ಯರ್ಥಿಗಳಿಗೆ ಸಂಪೂರ್ಣ ಬೆಂಬಲ ಕೊಡಲು ತೀರ್ಮಾನಿಸಿದೆ. ಕೆಳಗೆ ನಾಲ್ಕೈದು ಸಹಿ. ನಾವು ಅದನ್ನ ಪರದೆಯ ಅಡಿಯಲ್ಲಿ ಒಂದು ಸಾಲಾಗಿ ಓಡಿಸ್ತೀವಿ. ಅಲ್ಲಿಗೆ ಮುಗೀತು.

ಇವತ್ತು ಆ ಒಂದು ಸಾಲನ್ನ ಸ್ವಲ್ಪ ನಿಲ್ಲಿಸಿ ನೋಡೋಣ.

ಮೊದಲನೆಯದಾಗಿ, ಆ ಮೂರು ಹೆಸರುಗಳು. ಕುಂದಾಪುರ ಮತ್ತು ಬೈಂದೂರು ವಿಧಾನಸಭಾ ಕ್ಷೇತ್ರಗಳು. ಬ್ರಹ್ಮಾವರ? 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ನಕಾಶೆಯಿಂದಲೇ ಅಳಿಸಿಹೋಯಿತು. ಈಗ ಅದು ತಾಲೂಕು ಮಾತ್ರ. ಬ್ರಹ್ಮಾವರ ಪೇಟೆಯವರು ಉಡುಪಿ ಕ್ಷೇತ್ರಕ್ಕೆ ಮತ ಹಾಕ್ತಾರೆ, ಕೋಟ, ಸಾಲಿಗ್ರಾಮದವರು ಕುಂದಾಪುರ ಕ್ಷೇತ್ರಕ್ಕೆ. ಲೋಕಸಭೆಗೆ ಬಂದರೆ ಇನ್ನೊಂದು ಗೊಂದಲ. ಕುಂದಾಪುರ, ಬ್ರಹ್ಮಾವರದವರು ಉಡುಪಿ-ಚಿಕ್ಕಮಗಳೂರಿಗೆ, ಬೈಂದೂರಿನವರು ಘಟ್ಟ ಹತ್ತಿ ಶಿವಮೊಗ್ಗಕ್ಕೆ. ಅಂದ್ರೆ ಸರಕಾರದ ನಕಾಶೆ ಹರಿದು ಹಂಚಿದ ಊರುಗಳನ್ನ ಒಂದೇ ಹಾಳೆಯಲ್ಲಿ ಕೂಡಿಸಿಟ್ಟಿರೋದು ಈ ಬಳಗಗಳೇ. ಅದಕ್ಕೇ ಇವುಗಳನ್ನ ನಾನು ಹಗುರವಾಗಿ ನೋಡಲ್ಲ.

ಹಾಗಾದ್ರೆ ಬಳಗ ಹೇಳಿದ ಕಡೆಗೆ ಮತ ಹೋಗುತ್ತಾ? ಈ ಭಾಗದ ಚರಿತ್ರೆಯಲ್ಲೇ ಎರಡು ಉದಾಹರಣೆ ಇವೆ.

ಹಾಲಾಡಿ ಶ್ರೀನಿವಾಸ ಶೆಟ್ಟಿ. ಅಭಿಮಾನಿಗಳ ಬಾಯಲ್ಲಿ 'ಕುಂದಾಪುರದ ವಾಜಪೇಯಿ'. 1999, 2004, 2008ರಲ್ಲಿ ಬಿಜೆಪಿಯಿಂದ ಗೆದ್ದವರು. 2012ರಲ್ಲಿ ಸಚಿವ ಸ್ಥಾನ ಕೊಡ್ತೀವಿ ಅಂತ ಬೆಂಗಳೂರಿಗೆ ಕರೆಸಿ, ಕೊನೇ ಗಳಿಗೆಯಲ್ಲಿ ಕೈಬಿಟ್ಟರು. 2013ರಲ್ಲಿ ಅವರು ಪಕ್ಷೇತರರಾಗಿ ನಿಂತರು. ಏನಾಯ್ತು? 40 ಸಾವಿರಕ್ಕೂ ಹೆಚ್ಚು ಅಂತರದ ಗೆಲುವು. ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಹೋದರು. ಅಂದು ಮತ ಹೋಗಿದ್ದು ಚಿಹ್ನೆಯ ಹಿಂದೆ ಅಲ್ಲ, ವ್ಯಕ್ತಿಯ ಹಿಂದೆ. 2018ರಲ್ಲಿ ಅವರು ಮತ್ತೆ ಬಿಜೆಪಿಯಿಂದ ಗೆದ್ದರು. 2023ರಲ್ಲಿ ತಾವೇ ಕಣದಿಂದ ಹಿಂದೆ ಸರಿದರು. ಪಕ್ಷ ಕಿರಣ್ ಕುಮಾರ್ ಕೊಡ್ಗಿ ಅವರನ್ನ ನಿಲ್ಲಿಸಿತು, ಅವರೂ 40 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಇದರಲ್ಲಿ ಹಾಲಾಡಿಯವರ ಮತ ಎಷ್ಟು, ಪಕ್ಷದ ಮತ ಎಷ್ಟು? ಬೇರ್ಪಡಿಸಿ ತೋರಿಸೋ ಯಂತ್ರ ಯಾರ ಹತ್ತಿರವೂ ಇಲ್ಲ.

ಇನ್ನೊಬ್ಬರು ಕೆ. ಜಯಪ್ರಕಾಶ್ ಹೆಗ್ಡೆ. 1994ರಲ್ಲಿ ಜನತಾದಳದಿಂದ ಬ್ರಹ್ಮಾವರದ ಶಾಸಕ. 1999 ಮತ್ತು 2004ರಲ್ಲಿ ಅಲ್ಲೇ ಪಕ್ಷೇತರರಾಗಿ ಗೆಲುವು. ಯಾವ ಪಕ್ಷದ ಹಂಗೂ ಇಲ್ಲದೆ ಸತತ ಎರಡು ಸಲ ಗೆಲ್ಲೋದು ಸಣ್ಣ ಮಾತಲ್ಲ. ಆಮೇಲೆ ಕ್ಷೇತ್ರವೇ ಹೋಯಿತು. ಕಾಂಗ್ರೆಸ್ ಸೇರಿದರು, 2012ರ ಉಪಚುನಾವಣೆಯಲ್ಲಿ ಸಂಸದರಾದರು, 2014ರಲ್ಲಿ ಸೋತರು, 2017ರಲ್ಲಿ ಬಿಜೆಪಿಗೆ ಹೋದರು, 2024ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಲೋಕಸಭೆಗೆ ನಿಂತರು. ಕೋಟ ಶ್ರೀನಿವಾಸ ಪೂಜಾರಿಯವರ ಎದುರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಸೋಲು. ಹೆಗ್ಡೆಯವರ ಬಗ್ಗೆ ಊರಲ್ಲಿದ್ದ ಗೌರವ ಕಮ್ಮಿಯಾಗಿತ್ತು ಅಂತ ನಾನು ಹೇಳಲ್ಲ. ಆದರೆ ಗೌರವವೇ ಬೇರೆ, ಮತವೇ ಬೇರೆ. ಅಭಿಮಾನಿ ಕೈ ಮುಗೀತಾನೆ, ಮತಗಟ್ಟೆಯೊಳಗೆ ಬೇರೆ ಗುಂಡಿ ಒತ್ತುತ್ತಾನೆ.

ನಾನು ಇಂಜಿನಿಯರಿಂಗ್ ಓದಿದವನು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೀರು ಹಾಯಿಸೋದು ನಮಗೆ ಸುಲಭದ ಲೆಕ್ಕ. ಪೈಪು ಹಾಕಿ, ಎತ್ತರ ನೋಡಿ, ಆಯ್ತು. ರಾಜಕಾರಣಿಗಳೂ ಮತವನ್ನ ಹೀಗೇ ಲೆಕ್ಕ ಹಾಕ್ತಾರೆ. ನಾಯಕ ಬಂದ, ಬಳಗ ಬಂತು, ಮತ ಬಂತು. ಆದರೆ ಮತದಾರ ನೀರಲ್ಲ ಸ್ವಾಮಿ. ಅವನಿಗೆ ತಲೆ ಇದೆ.

ಹಾಗಂತ ಬಳಗಗಳು ಬೇಡ ಅನ್ನೋಣವಾ? ಬೇಡ ಅನ್ನೋಕೆ ನಾವ್ಯಾರು? ರಕ್ತದಾನ ಶಿಬಿರ ಮಾಡೋರು, ಶಾಲೆಯ ಮಕ್ಕಳಿಗೆ ಪುಸ್ತಕ ಕೊಡೋರು, ಯಾರದೋ ಮನೆಯ ಕಷ್ಟಕ್ಕೆ ರಾತ್ರಿ ಓಡಿಹೋಗೋರು ಎಷ್ಟೋ ಸಲ ಇದೇ ಹುಡುಗರು. ಪಕ್ಷಕ್ಕೆ ಹೇಳಲಾಗದ ಮಾತನ್ನ ಜನ ಇವರ ಹತ್ತಿರ ಹೇಳ್ತಾರೆ. ನನ್ನ ತಕರಾರು ಒಂದೇ. ಅಷ್ಟು ಜನರ ವಿಶ್ವಾಸವನ್ನ ಏನೂ ಕೇಳದೆ 'ಸಂಪೂರ್ಣ ಬೆಂಬಲ' ಅಂತ ಎತ್ತಿ ಕೊಟ್ಟುಬಿಡ್ತೀರಲ್ಲ, ಯಾಕೆ?

ಕೇಳೋಕೆ ವಿಷಯ ಇಲ್ಲವಾ? ವಾರಾಹಿ ನೀರಾವರಿ ಯೋಜನೆ ನೋಡಿ. 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಿನಲ್ಲಿ ಮಂಜೂರಾದದ್ದು. ಕಾಲುವೆಗೆ ನೀರು ಬರೋಕೆ ಮೂರು ದಶಕಕ್ಕೂ ಹೆಚ್ಚು ಬೇಕಾಯ್ತು. ಗದ್ದೆ ನಂಬಿ ಕಾದವರ ಮಕ್ಕಳು ಅಷ್ಟರಲ್ಲಿ ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿ ಆಗಿತ್ತು. ಕುಂದಾಪುರ ಶಾಸ್ತ್ರಿ ಸರ್ಕಲ್‌ನ ಮೇಲ್ಸೇತುವೆ ವರ್ಷಗಟ್ಟಲೆ ಕಂಬಗಳಾಗಿ ನಿಂತಿತ್ತು. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯ್ತು? ಮರವಂತೆಯಲ್ಲಿ ಮಳೆಗಾಲ ಬಂದರೆ ಕಡಲು ಎಲ್ಲಿವರೆಗೆ ಬರುತ್ತೆ ಅನ್ನೋ ಭಯ. ಈ ನಡುವೆ ಎಷ್ಟು ಚುನಾವಣೆ ಬಂದುಹೋದವು, ಎಷ್ಟು ಬಳಗ ಎಷ್ಟು ಸಲ ಬೆಂಬಲ ಘೋಷಿಸಿದವು?

ಇನ್ನೊಂದು ವಿಷಯ, ದುಡ್ಡು. ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಅಂತ ಮಿತಿ ಇದೆ. ಬಳಗದ ಹೆಸರಲ್ಲಿ ಒಂದು ಸಭೆ ಆಯ್ತು, ಶಾಮಿಯಾನ, ಮೈಕು, ಊಟ ಆಯ್ತು ಅಂದ್ರೆ ಅದು ಯಾರ ಖಾತೆಗೆ? ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಪ್ರಚಾರ ಸಭೆಗೆ ಖರ್ಚು ಮಾಡೋದು ಅಪರಾಧ. ಹಳೇ ದಂಡಸಂಹಿತೆಯಲ್ಲೂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಸಹಿ ಹಾಕೋ ಹುಡುಗರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನಾಯಕರು ನಾಳೆ ರಾಜಿಯಾಗಿ ಇನ್ನೊಂದು ವೇದಿಕೆ ಹತ್ತುತ್ತಾರೆ. ಕೇಸು ಬಿದ್ದರೆ ಕೋರ್ಟಿಗೆ ಅಲೆಯೋದು ಸಹಿ ಹಾಕಿದವನೇ.

ಅದಕ್ಕೆ ಬಳಗದ ಗೆಳೆಯರಿಗೆ ಒಂದು ಮಾತು. ಮುಂದಿನ ಸಲ ಅದೇ ಹಾಳೆಯಲ್ಲಿ ನಾಲ್ಕು ಸಾಲು ಹೆಚ್ಚು ಬರೀರಿ. ನಾವು ಅಭ್ಯರ್ಥಿಯ ಹತ್ತಿರ ಏನು ಕೇಳಿದೆವು, ಅವರು ಏನು ಒಪ್ಪಿದರು, ಎಷ್ಟು ದಿನದಲ್ಲಿ ಮಾಡ್ತಾರೆ, ಮಾಡದಿದ್ದರೆ ನಾವೇನು ಮಾಡ್ತೀವಿ. ಗೆದ್ದು ಒಂದು ವರ್ಷವಾದ ಮೇಲೆ ಇನ್ನೊಂದು ಪ್ರೆಸ್ ಮೀಟ್ ಕರೀರಿ. ಆ ಹೇಳಿಕೆಯನ್ನ ನಾವು ಪರದೆಯ ಅಡಿಯಲ್ಲಿ ಓಡಿಸಲ್ಲ, ನಿಮ್ಮನ್ನ ಕರೆದು ಇಲ್ಲಿ ಕೂರಿಸಿ ಮಾತಾಡಿಸ್ತೀವಿ. ಇದು ನನ್ನ ಮಾತು.

ಯಾಕಂದ್ರೆ ಪಕ್ಷಕ್ಕೆ ಪಕ್ಷದ ಕಾರ್ಯಕರ್ತರಿದ್ದಾರೆ. ನಾಯಕರಿಗೆ ನಾಯಕರ ಲೆಕ್ಕಾಚಾರ ಇದೆ. ಊರಿನ ಪರವಾಗಿ ಕೇಳೋಕೆ ಉಳಿದಿರೋದು ನೀವು. ನೀವೂ ಕೇಳದೇ ಇದ್ದರೆ, ಕುಂದಾಪ್ರ ಭಾಷೆಯಲ್ಲೇ ಹೇಳೋದಾದ್ರೆ, ಇನ್ ಎಂತ ಮಾಡೂದ್ ಮಾರಾಯ್ರೆ?